ತೋಟದ ಕಾವಲಿಗೆ ಕ್ಯಾಮೆರಾ ಕೊಳ್ಳುವ ಮುಂಚೆ

ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ದಾಳಿಂಬರಿ ತೋಟದವರೂ ದ್ರಾಕ್ಷಿ ಪಡದವರೂ ಬಾವಿಯ ಮೇಲೆ ಮೋಟರು ಕೂಡಿಸಿದ ಉಳಿದ ಒಕ್ಕಲಿಗರೂ ಈಗೀಗ ಕ್ಯಾಮೆರಾದ ಮಾತು ಆಡಹತ್ತಿದ್ದಾರೆ. ಇದು ಬರಿಯ ಹವ್ಯಾಸವಲ್ಲ. ಬೋರಿನಿಂದ ಸ್ಟಾರ್ಟರು ಪೆಟ್ಟಿಗೆಯ ವರೆಗಿನ ತಾಮ್ರದ ಕೇಬಲು ಒಂದು ರಾತ್ರಿ ಮಾಯವಾದರೆ ಹೋಗುವದು ಕೇಬಲಿನ ಬೆಲೆಯೊಂದೇ ಅಲ್ಲ. ಹೊಸದನ್ನು ತಂದು ಕೂಡಿಸುವ ವರೆಗೆ ನೀರು ನಿಲ್ಲುವದು. ಕಾಯಿ ಹಿಡಿದ ದಾಳಿಂಬರಿ ಗಿಡಕ್ಕೆ ಕೆಲವು ದಿನ ನೀರು ತಪ್ಪಿ ಆ ಮೇಲೆ ಒಮ್ಮೆಲೆ ಸಿಕ್ಕರೆ ಹಣ್ಣು ಸೀಳುವದು. ವರ್ಷದ ಪೀಕಿಗೇ ಧಕ್ಕೆ ಬರುವ ಸಂಗತಿ ಇದು.

ಪೇಟೆಗೆ ಹೋಗಿ ತೋಟಕ್ಕೆ ಕ್ಯಾಮೆರಾ ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಮುಂದೆ ಬರುವದು ಒಂದು ಸೆಟ್ಟು: ನಾಲ್ಕು ಕ್ಯಾಮೆರಾ, ಚಿತ್ರ ಕೂಡಿಡುವ ಒಂದು ಪೆಟ್ಟಿಗೆ, ಒಂದು ಡಿಸ್ಕು, ಒಂದು ಸುರುಳಿ ಕೇಬಲು. ಈ ಸೆಟ್ಟು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಆದರೆ ಅದನ್ನು ಕಟ್ಟಿದ್ದು ಪೇಟೆಯ ಅಂಗಡಿಗೆ, ಮನೆಗೆ. ಅಲ್ಲಿ ಕ್ಯಾಮೆರಾ ಹೊಡೆಯಲು ಗೋಡೆಯುಂಟು, ಹತ್ತು ಹೆಜ್ಜೆಯೊಳಗೆ ಬಾಗಿಲುಂಟು, ಇಪ್ಪತ್ತನಾಲ್ಕು ತಾಸು ಕರೆಂಟು ಉಂಟು. ಅಡವಿಯಲ್ಲಿರುವ ನಮ್ಮ ಬಾವಿಗೆ ಈ ಮೂರೂ ಇಲ್ಲ.

ಇಷ್ಟೇ ಅಲ್ಲ. ಕೃಷಿ ಫೀಡರಿನ ಮೇಲೆ ಲೈಟು ಪಾಳಿಯಂತೆ ಬರುವದು, ಹೋಗುವದು. ಕೇಬಲು ಕದಿಯಲು ಬಂದವನು ಲೈಟು ಇದ್ದಾಗ ಅದಕ್ಕೆ ಕತ್ತಿ ಹಾಕುವದಿಲ್ಲ. ಅವನಿಗೂ ಜೀವದ ಆಶೆಯಿದೆ. ಲೈಟು ಹೋದ ಮೇಲೆಯೇ ಅವನ ಕೆಲಸ. ಪಂಪಿನ ಲೈನಿನಿಂದಲೇ ಕ್ಯಾಮೆರಾಕ್ಕೂ ಕರೆಂಟು ಕೊಟ್ಟರೆ ಏನಾಗುವದು? ಕೇಬಲಿನಲ್ಲಿ ಜೀವ ಇರುವ ವರೆಗೆ ಕ್ಯಾಮೆರಾ ಎಚ್ಚರವಾಗಿರುವದು. ಕೇಬಲು ಸತ್ತ ಕೂಡಲೆ ಅದೂ ಮಲಗುವದು. ಬೇಕಾದ ಹೊತ್ತಿನಲ್ಲಿಯೇ ಕಾವಲು ಇಲ್ಲ. ಆದುದರಿಂದ ತೋಟದ ಕ್ಯಾಮೆರಾದ ವಿಚಾರವನ್ನು ಅಂಗಡಿಯವರ ಕ್ರಮದಿಂದ ಮಾಡದೆ ತಿರುಗಿಸಿ ಮಾಡತಕ್ಕದ್ದು. ಚಿತ್ರದಿಂದ ಏನು ತಿಳಿಯಬೇಕು, ಲೈಟು ಎಲ್ಲಿಂದ ಬರಬೇಕು ಎಂಬುದನ್ನು ಮೊದಲು ಗೊತ್ತುಮಾಡಬೇಕು. ಕ್ಯಾಮೆರಾದ ಆಯ್ಕೆ ಕೊನೆಗೆ.

೨೦೨೪ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಸರಕಾರವು ಶಾಲೆಗಳಿಗೆ ಕ್ಯಾಮೆರಾ ಕಡ್ಡಾಯ ಮಾಡಿದಂದಿನಿಂದ ನಮ್ಮಂಥ ಶಿಕ್ಷಕರಿಗೂ ಮೆಗಾಪಿಕ್ಸೆಲು, ಲೆನ್ಸು ಮುಂತಾದ ಶಬ್ದಗಳು ದಿನದ ಮಾತಾಗಿವೆ. ಕರಿಹಲಗೆಯ ಮೇಲೆ ಮಾಡಬಹುದಾದ ಲೆಕ್ಕಗಳೇ ಇವು. ಏಳನೆಯ ಇಯತ್ತೆಯ ಹುಡುಗನಿಗೆ ಬರುವ ಗುಣಾಕಾರ ಭಾಗಾಕಾರ ಸಾಕು.

ಮುಖ ಕಾಣಬೇಕೋ, ಮನುಷ್ಯ ಕಂಡರೆ ಸಾಕೋ?

ಕ್ಯಾಮೆರಾದ ಚಿತ್ರವು ಚೌಕುಳಿ ಕಾಗದದಂತೆ ಸಣ್ಣ ಸಣ್ಣ ಚುಕ್ಕೆಗಳಿಂದ ಕೂಡಿದ್ದು. ಈ ಚುಕ್ಕೆಗೆ ಪಿಕ್ಸೆಲು ಎನ್ನುವರು. ಎರಡು ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಚಿತ್ರದ ಅಗಲಕ್ಕೆ ೧೯೨೦ ಚುಕ್ಕೆ, ನಾಲ್ಕು ಮೆಗಾಪಿಕ್ಸೆಲಿನದರಲ್ಲಿ ಸಾಮಾನ್ಯವಾಗಿ ೨೫೬೦. ಆ ಚುಕ್ಕೆಗಳನ್ನು ನೀವು ಎಷ್ಟು ಅಗಲದ ಜಾಗದ ಮೇಲೆ ಹರವುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದು ಸೇರು ಬೀಜವನ್ನು ಅರ್ಧ ಎಕರೆಗೆ ಬಿತ್ತಿದರೆ ಒಂದು ಬಗೆ, ಹತ್ತು ಎಕರೆಗೆ ಬಿತ್ತಿದರೆ ಮತ್ತೊಂದು ಬಗೆ.

ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ೨೦೧೪ರಲ್ಲಿ ಇದಕ್ಕೊಂದು ಅಳತೆ ಹಾಕಿಕೊಟ್ಟಿದೆ. ಅಪರಿಚಿತನ ಮುಖವನ್ನು ನೋಡಿ ಇವನೇ ಎಂದು ಹೇಳಬೇಕಾದರೆ ಒಂದು ಮೀಟರು ಅಗಲಕ್ಕೆ ೨೫೦ ಚುಕ್ಕೆ ಬೇಕು. ಮೊದಲೇ ಪರಿಚಯವಿದ್ದವನನ್ನು ಗುರುತಿಸಲು ೧೨೫ ಸಾಕು. ಯಾರೋ ಮನುಷ್ಯ ಬಂದಿದ್ದಾನೆ ಎಂದಷ್ಟೇ ತಿಳಿಯಬೇಕಾದರೆ ೨೫ ಸಾಕು. ಈಗ ಭಾಗಿಸಿ ನೋಡಿರಿ. ೧೯೨೦ನ್ನು ೨೫೦ರಿಂದ ಭಾಗಿಸಿದರೆ ಏಳೂವರೆ ಮೀಟರಿಗಿಂತ ತುಸು ಹೆಚ್ಚು. ಅಂದರೆ ಎರಡು ಮೆಗಾಪಿಕ್ಸೆಲಿನ ಕ್ಯಾಮೆರಾ ಏಳೂವರೆ ಮೀಟರು ಅಗಲದ ಜಾಗಕ್ಕೆ ಮಾತ್ರ ಮುಖ ತೋರಿಸೀತು. ಹದಿನೈದು ಮೀಟರು ಅಗಲಕ್ಕೆ ಪರಿಚಿತನನ್ನು ತೋರಿಸೀತು. ಎಪ್ಪತ್ತಾರು ಮೀಟರು ಅಗಲದಲ್ಲಿ ಮನುಷ್ಯನೊಬ್ಬ ಇದ್ದಾನೆಂದಷ್ಟೇ ತೋರಿಸೀತು. ಇದೂ ಹಗಲಿನ ಒಳ್ಳೆಯ ಬೆಳಕಿನ ಮಾತು. ಮೂಲೆಯ ಕಂಬದ ಮೇಲೆ ಒಂದು ಕ್ಯಾಮೆರಾ ಏರಿಸಿ ನಾಲ್ಕೆಕರೆಯ ತೋಟ ಪೂರ್ತಿ ಕಾಣುತ್ತದೆಂದು ಸಂತೋಷಪಡುವವರಿಗೆ ಸಿಗುವದು ಈ ಮೂರನೆಯ ಬಗೆಯ ಚಿತ್ರ. ಕಳುವು ಆದದ್ದು ಕಾಣುವದು, ಕದ್ದವನು ಕಾಣುವದಿಲ್ಲ.

ಇನ್ನು ಲೆನ್ಸು. ಅದರ ಮೇಲೆ ೨.೮, ೪, ೬, ೧೨ ಮಿಲಿಮೀಟರು ಎಂದು ಬರೆದಿರುವದು. ಅಂಕಿ ದೊಡ್ಡದಾದಂತೆ ನೋಟ ಕಿರಿದಾಗಿ ದೂರದ್ದು ಹತ್ತಿರ ಬರುವದು. ಸಾಮಾನ್ಯ ಕ್ಯಾಮೆರಾಗಳಿಗೆ ಒಂದು ಸುಮಾರಿನ ಸೂತ್ರ ನೆನಪಿನಲ್ಲಿಡಬಹುದು: ೬ ಮಿಲಿಮೀಟರಿನ ಲೆನ್ಸಿನಲ್ಲಿ ಎಷ್ಟು ದೂರವೋ ಸುಮಾರು ಅಷ್ಟೇ ಅಗಲ ಕಾಣುವದು, ೧೨ರಲ್ಲಿ ದೂರದ ಅರ್ಧದಷ್ಟು ಅಗಲ, ೨.೮ರಲ್ಲಿ ದೂರದ ಎರಡು ಪಟ್ಟಿಗೂ ಹೆಚ್ಚು. ಇದನ್ನು ಹಿಂದಿನ ಲೆಕ್ಕಕ್ಕೆ ಕೂಡಿಸಿದರೆ ೬ರ ಲೆನ್ಸು ಏಳೂವರೆ ಮೀಟರು ದೂರದ ವರೆಗೆ, ೧೨ರದು ಹದಿನೈದು ಮೀಟರಿನ ವರೆಗೆ ಮುಖ ತೋರಿಸೀತೆಂದಾಯಿತು. ಸೆಟ್ಟಿನಲ್ಲಿ ಬರುವ ೨.೮ ಇಲ್ಲವೆ ೩.೬ರ ಲೆನ್ಸು ಪಡಸಾಲೆಗೆ ಒಳ್ಳೆಯದು, ಬಂಡಿದಾರಿಗೆ ಅಲ್ಲ.

ಹೀಗಿರಲು ಜಾಗ ಹುಡುಕುವದರಲ್ಲಿಯೇ ಅರ್ಧ ಕೆಲಸ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ಕವಣೆ ಹಿಡಿದು ಕೂತವನು ಹಕ್ಕಿ ಯಾವ ದಿಕ್ಕಿನಿಂದ ಬಂದು ಎಲ್ಲಿ ಇಳಿಯುತ್ತದೆ ಎಂಬುದನ್ನು ನೋಡಿ ಅಟ್ಟ ಕಟ್ಟಿಸುತ್ತಾನೆ. ಅದರಂತೆ ಕಳ್ಳನು ಹೋಗಲೇಬೇಕಾದ ಇಕ್ಕಟ್ಟಿನ ಜಾಗ ಯಾವದೆಂದು ನೋಡಬೇಕು. ತೋಟದ ಗೇಟು, ಹಳ್ಳ ದಾಟುವ ಬಂಡಿದಾರಿ, ಸ್ಟಾರ್ಟರು ಪೆಟ್ಟಿಗೆಯ ಬಾಗಿಲು ಇಂಥವು. ಐದು ಮೀಟರು ಅಗಲದ ಗೇಟಿಗೆ ಸರಿಯಾದ ಲೆನ್ಸಿನ ಒಂದೇ ಕ್ಯಾಮೆರಾ ಮಾಡುವ ಕೆಲಸವನ್ನು ಬಯಲು ನೋಡುವ ನಾಲ್ಕು ಮಾಡಲಾರವು. ಎತ್ತರವೂ ಮಿತಿಯಲ್ಲಿರಲಿ. ಹತ್ತಿರದ ದಾರಿಯನ್ನು ನೋಡುವ ಕ್ಯಾಮೆರಾವನ್ನು ಆರು ಮೀಟರು ಏರಿಸಿದರೆ ತಲೆಯ ರುಮಾಲು ಕಾಣುವದೇ ಹೊರತು ಮುಖ ಕಾಣುವದಿಲ್ಲ. ಕೈಗೆ ಎಟುಕದಂತೆ ಮೂರು, ಮೂರೂವರೆ ಮೀಟರು ಸಾಕು.

ಮತ್ತೊಂದು ಮಾತು ಪೇಟೆಯ ಮೇಸ್ತ್ರಿಗೆ ಹೊಳೆಯದು. ಹೊಲ ಬೆಳೆಯುತ್ತದೆ! ಆಷಾಢದಲ್ಲಿ ನಿಚ್ಚಳ ಕಾಣುವ ದಾರಿ ಮಾರ್ಗಶಿರದಲ್ಲಿ ತೊಗರಿಯ ಹಿಂದೆ ಬೀಳುವದು. ಕಬ್ಬಿದ್ದರೆ ಕೇಳುವದೇ ಬೇಡ. ಗಾಳಿಗೆ ಅಲ್ಲಾಡುವ ಕಬ್ಬಿನ ಗರಿಯನ್ನು ಕಂಡು ಕ್ಯಾಮೆರಾ ರಾತ್ರಿಯಿಡೀ ಮೊಬೈಲಿಗೆ ಸುದ್ದಿ ಕಳಿಸುವದು, ಮೂರನೆಯ ದಿನ ನಾವೇ ಆ ಸುದ್ದಿಯನ್ನು ಬಂದುಮಾಡುವೆವು. ಆದುದರಿಂದ ಮನುಷ್ಯನ ಆಕಾರವನ್ನು ಬೇರ್ಪಡಿಸಿ ತಿಳಿಯುವ ಬಗೆಯ ಕ್ಯಾಮೆರಾ ಇದ್ದರೆ ಒಳಿತು. ಪೀಕು ನಿಂತಾಗ ನೋಟ ಎಲ್ಲಿ ಮುಚ್ಚುವದೆಂಬುದನ್ನು ಈಗಲೇ ಎಣಿಸಿ ಕಂಬ ನೆಡತಕ್ಕದ್ದು.

ಲೈಟಿನ ಲೆಕ್ಕ

ಪಂಪಿನ ಲೈನು ಏಕೆ ಆಗದೆಂಬುದನ್ನು ಮೇಲೆ ಹೇಳಿದ್ದೇವೆ. ಕೆಲವರು ಪೇಟೆಯಲ್ಲಿ ಸಿಗುವ ಸಣ್ಣ ಬ್ಯಾಕಪ್ ಪೆಟ್ಟಿಗೆಯನ್ನು ಜೋಡಿಸುವರು. ಮನೆಯಲ್ಲಿ ಒಂದೆರಡು ತಾಸು ಲೈಟು ಹೋದರೆ ಅದು ನಡೆದೀತು, ಅಡವಿಯಲ್ಲಿ ಹದಿನಾರು ತಾಸು ನಡೆಯದು. ಅದರ ಮೇಲೆ ಡಿಪಿ ಸುಟ್ಟಿತೆಂದರೆ ಲೆಕ್ಕ ತಾಸಿನದಲ್ಲ, ದಿನಗಳದು. ಹಾಗಾಗಿ ವಸ್ತಿಯಿಂದ ದೂರದ ಬಾವಿಗೆ ಸೂರ್ಯನೇ ಗತಿ.

ಒಂದು ಕ್ಯಾಮೆರಾ ಸುಮಾರು ೬ ವ್ಯಾಟು ತಿನ್ನುವದೆಂದು ಹಿಡಿಯೋಣ. ಸಿಮ್ ಹಾಕಿ ನಡೆಯಿಸುವ ೪ಜಿ ರೌಟರು ಇನ್ನೊಂದು ೬ ವ್ಯಾಟು. ಕೂಡಿ ೧೨. ಇಪ್ಪತ್ತನಾಲ್ಕು ತಾಸಿಗೆ ೨೮೮ ವ್ಯಾಟ್-ತಾಸು. ಬ್ಯಾಟರಿ ೧೨ ವೋಲ್ಟಿನದಾದರೆ ದಿನಕ್ಕೆ ೨೪ ಆಂಪಿಯರ್-ತಾಸು ಖರ್ಚು. ಪುಷ್ಯ, ಆಶ್ಲೇಷ ಮಳೆಗಳ ಮೋಡದಲ್ಲಿ ಎರಡು ದಿನ ಬಿಸಿಲು ಕಾಣದೆ ಹೋಗುವದು ಸಾಮಾನ್ಯ. ಅಂದ ಬಳಿಕ ೪೮ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕಡಿಮೆಯಾಗುವದರಿಂದ ೧೦೦ ಆಂಪಿಯರ್-ತಾಸಿನದನ್ನು ತರತಕ್ಕದ್ದು. ಲಿಥಿಯಮ್ ಐರನ್ ಫಾಸ್ಫೇಟಿನದಾದರೆ ೬೦ ಸಾಕು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು.

ಇನ್ನು ಸೌರ ಫಲಕ. ನಮ್ಮ ಸೊಲ್ಲಾಪುರ ಸೀಮೆಯ ಬಿಸಿಲು ಯಾರಿಗೂ ಹೇಳಿಕೊಡಬೇಕಾದದ್ದಲ್ಲ. ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲು ಎಂದು ಹಿಡಿದು, ಧೂಳು, ತಂತಿ, ಬ್ಯಾಟರಿಗಳಲ್ಲಿ ಹೋಗುವ ಮೂವತ್ತು ಪಾಲನ್ನು ಕಳೆದರೆ ೧೦೦ ವ್ಯಾಟಿನ ಫಲಕವು ೩೫೦ ವ್ಯಾಟ್-ತಾಸು ಕೊಡುವದು. ಬೇಕಾದದ್ದು ೨೮೮. ಬೇಸಿಗೆಗೆ ಇದು ಸಾಕು, ಮಳೆಗಾಲಕ್ಕೆ ಸಾಲದು. ೧೫೦ರಿಂದ ೨೦೦ ವ್ಯಾಟಿನದನ್ನು ಹಾಕಿದವನು ನಿಶ್ಚಿಂತನಾಗಿರಬಹುದು. ನಮ್ಮ ಅಕ್ಷಾಂಶ ಸುಮಾರು ಹದಿನೇಳೂವರೆ ಅಂಶ. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಅಂಶ ಬಾಗಿಸಿ ಕೂಡಿಸಬೇಕು. ಫಲಕವನ್ನೂ ಬಿಚ್ಚಿ ಒಯ್ಯುವವರು ಇದ್ದಾರೆ. ನಟ್ಟು ಬಿಗಿದ ಮೇಲೆ ಒಂದು ಬೊಟ್ಟು ವೆಲ್ಡಿಂಗು ಹಾಕಿಸಿರಿ.

ಫಲಕ, ಬ್ಯಾಟರಿ, ಸಿಮ್ ಎಲ್ಲವೂ ಒಂದೇ ಒಡಲಿನಲ್ಲಿರುವ ಕ್ಯಾಮೆರಾಗಳೂ ಬಂದಿವೆ. ಕೂಡಿಸುವದು ಬಹಳ ಸುಲಭ. ಆದರೆ ಇವುಗಳಲ್ಲಿ ಹೆಚ್ಚಿನವು ಸದಾ ಎಚ್ಚರವಿರುವದಿಲ್ಲ. ಶರೀರದ ಕಾವು ತಿಳಿಯುವ ಕಣ್ಣೊಂದು ಎಬ್ಬಿಸಿದಾಗ ಮಾತ್ರ ಚಿತ್ರ ತೆಗೆದು ಮತ್ತೆ ಮಲಗುವವು. ಆ ಕಣ್ಣಿನ ಎಟುಕು ಕೆಲವೇ ಮೀಟರು. ಏಪ್ರಿಲ್, ಮೇ ತಿಂಗಳ ಹಗಲಲ್ಲಿ ನೆಲವೇ ಮನುಷ್ಯನ ಮೈಯಷ್ಟು ಕಾದಿರುವಾಗ ಅದಕ್ಕೆ ಭೇದ ತಿಳಿಯುವದು ಕಷ್ಟ. ಸ್ಟಾರ್ಟರು ಪೆಟ್ಟಿಗೆಯ ಎದುರಿಗೆ, ಐದಾರು ಮೀಟರಿನೊಳಗೆ ಇದು ಒಳ್ಳೆಯ ವಸ್ತು. ಅದಕ್ಕೂ ಮಿಕ್ಕಿ ಆಶೆ ಪಡಬಾರದು.

ತಂತಿ

ವಸ್ತಿಯಲ್ಲಿ ಮನೆಯ ಲೈಟು ಇದ್ದು, ದನದ ಕೊಟ್ಟಿಗೆ, ಮೇವಿನ ಬಣವಿ, ಬಾವಿ ಎಲ್ಲವೂ ಹತ್ತಿರವಿದ್ದರೆ ತಂತಿಯ ವ್ಯವಸ್ಥೆಯೇ ಗಟ್ಟಿ. ಇದರಲ್ಲಿ ಎರಡು ಜಾತಿ. ಮೊದಲನೆಯದು ಟೀವಿ ಕೇಬಲಿನಂಥ ದುಂಡು ತಂತಿ, ಅದಕ್ಕೆ ಡಿವಿಆರ್ ಪೆಟ್ಟಿಗೆ. ಒಳ್ಳೆಯ ತಾಮ್ರದ ತಂತಿಯಾದರೆ ಮುನ್ನೂರು ಮೀಟರಿನ ವರೆಗೂ ಚಿತ್ರ ಹೋಗುವದು. ಎರಡನೆಯದು ಕಂಪ್ಯೂಟರಿನ ಎಂಟೆಳೆಯ ಕ್ಯಾಟ್-೬ ತಂತಿ, ಅದಕ್ಕೆ ಎನ್‌ವಿಆರ್ ಪೆಟ್ಟಿಗೆ. ಇದರ ಮಿತಿ ನೂರು ಮೀಟರು. ಆದರೆ ಇದರಲ್ಲಿ ಚಿತ್ರವೂ ಕರೆಂಟೂ ಒಂದೇ ತಂತಿಯಲ್ಲಿ ಸಾಗುವವು, ಅದೂ ಸುಮಾರು ೪೮ ವೋಲ್ಟಿನಲ್ಲಿ.

ಈ ವೋಲ್ಟಿನ ಮಾತನ್ನು ಹಗುರಾಗಿ ತಿಳಿಯಬಾರದು. ದುಂಡು ತಂತಿಯ ಜೋಡಿಗೆ ಬರುವ ಸಪೂರ ಎಳೆಗಳಲ್ಲಿ ೧೨ ವೋಲ್ಟು ಕಳಿಸುವರು. ಅರ್ಧ ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ಎಳೆಯಾದರೂ ನೂರು ಮೀಟರು ಹೋಗಿ ಬರುವಷ್ಟರಲ್ಲಿ ಅರ್ಧ ಆಂಪಿಯರಿಗೆ ಸುಮಾರು ಮೂರೂವರೆ ವೋಲ್ಟು ದಾರಿಯಲ್ಲಿಯೇ ಕರಗುವದು. ಕ್ಯಾಮೆರಾಕ್ಕೆ ಮುಟ್ಟುವದು ಎಂಟೂವರೆ. ಹಗಲು ಕ್ಯಾಮೆರಾಕ್ಕೆ ಕರೆಂಟು ಕಡಿಮೆ ಬೇಕಾಗುವದರಿಂದ ಹೇಗೋ ನಡೆಯುವದು. ಕತ್ತಲಾಗಿ ಅದರೊಳಗಿನ ಕತ್ತಲ ದೀಪ ಹೊತ್ತಿತೋ, ಚಿತ್ರ ಮಿಣುಕಿ ಆರಿಹೋಗುವದು. ಹಗಲು ಚೆನ್ನಾಗಿದ್ದು ರಾತ್ರಿ ಮಾತ್ರ ಕುರುಡಾಗುವ ಕ್ಯಾಮೆರಾವನ್ನು ಕೆಟ್ಟಿತೆಂದು ಅಂಗಡಿಗೆ ಒಯ್ಯುವವರು ಉಂಟು. ಅಂಗಡಿಯ ಮೇಜಿನ ಮೇಲೆ ಅದು ಸರಿಯಾಗಿಯೇ ನಡೆಯುವದು! ಕೆಟ್ಟದ್ದು ತಂತಿ. ಅಗ್ಗದ ಸುರುಳಿಗಳಲ್ಲಿ ತಾಮ್ರದ ನೀರು ಕುಡಿಸಿದ ಅಲ್ಯುಮಿನಿಯಮ್ ಎಳೆ ಇರುವದು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿರಿ, ಒಳಗೆ ಬೆಳ್ಳಗಾಗಿ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಬರತಕ್ಕದ್ದು.

ಚಿತ್ರ ಎಷ್ಟು ದಿನ ಉಳಿಯಬೇಕು?

ಬಾವಿಯ ಕಡೆಗೆ ದಿನಾಲು ಹೋಗದವನಿಗೆ ಕಳುವು ತಿಳಿಯುವದೇ ವಾರದ ಮೇಲೆ. ಆದುದರಿಂದ ಕನಿಷ್ಠ ಹದಿನೈದು ದಿನದ ಚಿತ್ರ ಇರಬೇಕು. ಲೆಕ್ಕ ಹೀಗೆ: ಸೆಕೆಂಡಿಗೆ ಒಂದು ಮೆಗಾಬಿಟ್ಟಿನಂತೆ ಬರೆದರೆ ದಿನಕ್ಕೆ ೧೦.೮ ಗಿಗಾಬೈಟು ಆಗುವದು. ಎರಡು ಮೆಗಾಪಿಕ್ಸೆಲಿನ ಚಿತ್ರವನ್ನು ಹೊಸ ಎಚ್.೨೬೫ ಪದ್ಧತಿಯಿಂದ ಅಡಕ ಮಾಡಿದರೆ ಸುಮಾರು ಎರಡು ಮೆಗಾಬಿಟ್ಟು ಸಾಕು, ಹಳೆಯ ಎಚ್.೨೬೪ರಲ್ಲಿ ಹೆಚ್ಚು ಕಡಿಮೆ ಇಮ್ಮಡಿ ಬೇಕು. ನಾಲ್ಕು ಕ್ಯಾಮೆರಾಕ್ಕೆ ಹೊಸ ಪದ್ಧತಿಯಲ್ಲಿ ದಿನಕ್ಕೆ ೮೬ ಗಿಗಾಬೈಟು. ಒಂದು ಟೆರಾಬೈಟಿನ ಡಿಸ್ಕು ಹನ್ನೊಂದು ದಿನಕ್ಕೆ ತುಂಬುವದು, ಎರಡು ಟೆರಾಬೈಟಿನದು ಇಪ್ಪತ್ಮೂರು ದಿನಕ್ಕೆ. ಎರಡರದನ್ನೇ ಕೊಳ್ಳಿರಿ, ಅದೂ ಕಾವಲು ಕೆಲಸಕ್ಕೆಂದೇ ಮಾಡಿದ್ದನ್ನು. ಹಳೆಯ ಕಂಪ್ಯೂಟರಿನ ಡಿಸ್ಕು ಹಗಲಿರುಳಿನ ಬರಹಕ್ಕೆ ತಾಳದು.

ಒಂಟಿ ಕ್ಯಾಮೆರಾದಲ್ಲಿ ೧೨೮ ಗಿಗಾಬೈಟಿನ ಕಾರ್ಡು ಹಾಕಿದರೆ ಸತತ ಬರಹಕ್ಕೆ ಆರು ದಿನ ಬರುವದಿಲ್ಲ. ಚಲನೆ ಇದ್ದಾಗಷ್ಟೇ ಬರೆಯುವಂತೆ ಮಾಡಿದರೆ ಬಹಳ ದಿನ ಬರುವದು. ಕ್ಯಾಮೆರಾವನ್ನೇ ಕಿತ್ತು ಒಯ್ದರೆ ಕಾರ್ಡೂ ಹೋಯಿತು. ಆ ಕಾರಣಕ್ಕೆ ಮನುಷ್ಯ ಕಂಡ ಕೂಡಲೆ ಒಂದು ಚಿತ್ರ ಮೊಬೈಲಿಗೆ ಬರುವಂತೆ ಇರಲೇಬೇಕು. ಎಲ್ಲವನ್ನೂ ಸಿಮ್ ಮೇಲೆ ಕಳಿಸುತ್ತೇವೆಂದರೆ ಆಗದು. ನೇರ ನೋಟಕ್ಕೇ ತಾಸಿಗೆ ೯೦೦ ಮೆಗಾಬೈಟು ಬೇಕು. ರೌಟರು ಕೊಳ್ಳುವ ಮುಂಚೆ ಅದೇ ಕಂಪನಿಯ ಸಿಮ್ ಇದ್ದ ಮೊಬೈಲನ್ನು ಬಾವಿಯ ಹತ್ತಿರ ಒಂದು ದಿನ ಇಟ್ಟು ನೋಡಿರಿ. ನಮ್ಮ ಗಡಿಯ ಹೊಲಗಳಲ್ಲಿ ಒಮ್ಮೆ ಈಚೆಯ ಟವರು, ಒಮ್ಮೆ ಆಚೆಯ ಟವರು.

ಡಿವಿಆರ್ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಟೀವಿಯ ಕೆಳಗೆ ಶೋಭೆಗೆಂದು ಇಡಬಾರದು. ಜೋಳದ ಚೀಲಗಳ ಕೋಣೆಯಲ್ಲಿಯೋ ಕಪಾಟಿನಲ್ಲಿಯೋ ಗಾಳಿಯಾಡುವಂತೆ ಇಟ್ಟು ಕೀಲಿ ಹಾಕಿರಿ. ಅದರ ಗಡಿಯಾರವನ್ನು ತಿಂಗಳಿಗೊಮ್ಮೆ ನೋಡತಕ್ಕದ್ದು. ಒಳಗಿನ ಸಣ್ಣ ಸೆಲ್ಲು ತೀರಿದರೆ ಲೈಟು ಹೋಗಿ ಬಂದಾಗಲೆಲ್ಲ ತಾರೀಖು ಹಿಂದೆ ಹೋಗುವದು. ತಪ್ಪು ತಾರೀಖಿನ ಚಿತ್ರ ಪೊಲೀಸ ಠಾಣೆಯಲ್ಲಿ ಉಪಯೋಗಕ್ಕೆ ಬರುವದು ಕಷ್ಟ.

ಕಂಬ, ಧೂಳು, ಸಿಡಿಲು

ಎರಿ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವದು. ಅದರಲ್ಲಿ ಎರಡು ಅಡಿ ಹೂಳಿದ ಕಂಬ ವರ್ಷದೊಳಗೆ ವಾಲುವದು. ಕಂಬ ಒಂದು ಗೇಣು ವಾಲಿದರೆ ಕ್ಯಾಮೆರಾ ದಾರಿ ಬಿಟ್ಟು ಆಕಾಶ ನೋಡುವದು. ಗರಸು ಹತ್ತುವ ವರೆಗೆ ತೋಡಿ ಕಾಂಕ್ರೀಟು ಹಾಕತಕ್ಕದ್ದು. ಕ್ಯಾಮೆರಾದ ಮೇಲೆ ಐಪಿ ೬೬ ಇಲ್ಲವೆ ೬೭ ಎಂದು ಇರಬೇಕು. ಮೊದಲಿನ ಆರು ಧೂಳು ಒಳಗೆ ಹೋಗದೆಂಬುದಕ್ಕೆ, ಎರಡನೆಯ ಅಂಕಿ ನೀರಿಗೆ. ಕತ್ತಲ ದೀಪಕ್ಕೆ ಹುಳ ಬರುವವು, ಹುಳಕ್ಕೆ ಜೇಡ ಬರುವದು, ಜೇಡ ಕಣ್ಣಿನ ಮೇಲೆಯೇ ಬಲೆ ಕಟ್ಟುವದು; ಆ ಬಲೆ ರಾತ್ರಿ ಬೆಳ್ಳಗೆ ಹೊಳೆದು ಹಿಂದಿನದೇನೂ ಕಾಣದು. ವಾರಕ್ಕೊಮ್ಮೆ ಮೆತ್ತನ್ನ ಬಟ್ಟೆಯಿಂದ ಒರೆಸುವ ಕೆಲಸವನ್ನು ಮನೆಯ ಒಬ್ಬರಿಗೆ ಹಚ್ಚಿರಿ. ಮೇ ತಿಂಗಳ ಗುಡುಗಿನ ಮಳೆಯಲ್ಲಿ ಒಂಟಿ ಕಬ್ಬಿಣದ ಕಂಬ ಸಿಡಿಲನ್ನು ಕರೆಯುವದು. ಕಂಬಕ್ಕೆ ಅರ್ಥಿಂಗು, ತಂತಿಯ ಎರಡೂ ತುದಿಗೆ ಸಿಡಿಲು ತಡೆ ಹಾಕಿಸದೆ ಪೆಟ್ಟಿಗೆಗೆ ತಂತಿ ಜೋಡಿಸಬೇಡಿರಿ.

ಸರಕಾರದ ಮುದ್ರೆ, ಗುಟ್ಟಿನ ಶಬ್ದ

೨೦೨೫ರ ಏಪ್ರಿಲ್ ೯ರಿಂದ ಕ್ಯಾಮೆರಾಗಳು ಭದ್ರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಕೇಂದ್ರ ಸರಕಾರದ ನಿಯಮ ಜಾರಿಗೆ ಬಂದಿದೆ. ಬಿಲ್ಲು ಇಲ್ಲದ ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಎಚ್ಚರ. ಪೆಟ್ಟಿಗೆಯ ಮೇಲೆ ಬಿಐಎಸ್ ನೋಂದಣಿಯ ಗುರುತು ನೋಡಿರಿ. ಒಂದು ಕಂಪನಿಯ ಕ್ಯಾಮೆರಾ ಮತ್ತೊಂದರ ಪೆಟ್ಟಿಗೆಗೆ ಹೊಂದಬೇಕಾದರೆ ಎರಡರ ಮೇಲೂ ಓನ್ವಿಫ್ ಎಂದಿರಬೇಕು. ಕಾರಖಾನೆಯಿಂದ ಬಂದ ಗುಟ್ಟಿನ ಶಬ್ದವನ್ನು ಮೊದಲ ದಿನವೇ ಬದಲಿಸತಕ್ಕದ್ದು. ೨೦೧೬ರಲ್ಲಿ ಮಿರಾಯ್ ಎಂಬ ಕುತಂತ್ರದ ಪ್ರೋಗ್ರಾಮು ಇಂಥ ಬದಲಿಸದ ಶಬ್ದಗಳಿಂದಲೇ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮುಂತಾದವುಗಳೊಳಗೆ ಹೊಕ್ಕು, ಅಕ್ಟೋಬರ ೨೧ರಂದು ಅಮೇರಿಕೆಯ ಅನೇಕ ದೊಡ್ಡ ಅಂತರ್ಜಾಲ ತಾಣಗಳನ್ನು ಕೆಲವು ತಾಸು ನಿಲ್ಲಿಸಿಬಿಟ್ಟಿತು. ನಮ್ಮ ಬಾವಿಯ ಕ್ಯಾಮೆರಾ ಯಾರಿಗೆ ಬೇಕು ಎಂದು ಅನ್ನುವ ಹಾಗಿಲ್ಲ.

ಕಳುವಾದ ಮೇಲೆ ಮೊಬೈಲಿನಿಂದ ಟೀವಿಯ ಚಿತ್ರ ಹಿಡಿದು ಊರಿಗೆಲ್ಲ ಹಂಚುವ ರೂಢಿ ಬಿದ್ದಿದೆ. ಅದರಿಂದ ಕಳ್ಳನಿಗೆ ಮೊದಲು ಸುದ್ದಿ ಹೋಗುವದು! ೨೦೨೪ರ ಜುಲೈ ೧ರಿಂದ ನಡೆಯುತ್ತಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನಂತೆ ಇಂಥ ಚಿತ್ರದ ಪ್ರತಿಯ ಸಂಗಡ ಒಂದು ಪ್ರಮಾಣಪತ್ರ ಬೇಕು; ಪ್ರತಿಯನ್ನು ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಎಂಬ ಅಂಕಿಯನ್ನು ಅದರಲ್ಲಿ ಬರೆಯಬೇಕು. ಆದುದರಿಂದ ಪೆಟ್ಟಿಗೆಯಲ್ಲಿನ ಮೂಲವನ್ನು ಅಳಿಸದೆ, ಹಳೆಯದರ ಮೇಲೆ ಹೊಸದು ಬರೆಯದಂತೆ ನಿಲ್ಲಿಸಿ, ಪೊಲೀಸರ ಎದುರಿಗೆ ಪ್ರತಿ ತೆಗೆಯಿಸುವದು ಉತ್ತಮ.

ನೆರೆಹೊರೆಯ ಮಾತೂ ಉಂಟು. ಕ್ಯಾಮೆರಾ ನಮ್ಮ ಬದುವಿನೊಳಗೆ ನೋಡಲಿ. ಹೆಣ್ಣುಮಕ್ಕಳು ಹಳ್ಳಕ್ಕೆ ಹೋಗುವ ದಾರಿ, ನೆರೆಯವರ ಅಂಗಳ ಇವುಗಳ ಕಡೆಗೆ ತಿರುಗಿಸಿದರೆ ಕಳ್ಳ ಸಿಗುವ ಮೊದಲು ಜಗಳ ಸಿಗುವದು. ಹೆಚ್ಚಿನ ಪೆಟ್ಟಿಗೆಗಳಲ್ಲಿ ಬೇಡವಾದ ಭಾಗವನ್ನು ಕಪ್ಪಾಗಿಸುವ ಸೌಕರ್ಯವಿದೆ. ಕೆಲಸಕ್ಕೆ ಬರುವ ಕೂಲಿಯವರಿಗೆ ಕ್ಯಾಮೆರಾ ಎಲ್ಲಿದೆಯೆಂದು ಮೊದಲೇ ಹೇಳಿಬಿಡಿರಿ. ಗೇಟಿನ ಮೇಲೆ ಕನ್ನಡ ಮರಾಠಿ ಎರಡರಲ್ಲಿಯೂ ಒಂದು ಹಲಗೆ ಬರೆಯಿಸಿರಿ. ಬಂದ ಕಳ್ಳನನ್ನು ಹಿಡಿಸುವದಕ್ಕಿಂತ ಬಾರದಂತೆ ಮಾಡುವದರಲ್ಲಿ ಆ ಹಲಗೆಯ ಪಾಲು ದೊಡ್ಡದು. ನಾಯಿಯನ್ನೂ ಬಿಡಬೇಡಿರಿ, ಕ್ಯಾಮೆರಾ ಬೊಗಳುವದಿಲ್ಲ.

ಕೊನೆಗೆ ಹಣ ಕೊಡುವ ಮಾತು. ಕೂಡಿಸಿದ ದಿನ ಹಗಲಿನ ಚಿತ್ರ ತೋರಿಸಿ ಪೂರ್ತಿ ಹಣ ಕೇಳುವದು ರೂಢಿ. ಒಂದು ಪಾಲನ್ನು ಹಿಡಿದಿಟ್ಟು ಅಮಾವಾಸ್ಯೆಯ ಸುಮಾರಿಗೆ ಒಂದು ರಾತ್ರಿ ಪರೀಕ್ಷೆ ಮಾಡಿರಿ. ಪಂಪಿನ ಲೈನು ಬಂದಾಗಿರಲಿ. ಮನೆಯ ಒಬ್ಬ ಹುಡುಗನು ಗೇಟಿನಿಂದ ಸ್ಟಾರ್ಟರು ಪೆಟ್ಟಿಗೆಯ ವರೆಗೆ ನಡೆದು ಬರಲಿ, ಪೆಟ್ಟಿಗೆಯ ಬಾಗಿಲು ತೆರೆದು ಅರ್ಧ ನಿಮಿಷ ನಿಲ್ಲಲಿ. ಮರುದಿನ ಆ ಚಿತ್ರವನ್ನು ಪೆಟ್ಟಿಗೆಯಿಂದ ಇಲ್ಲವೆ ಕಾರ್ಡಿನಿಂದ ತೆಗೆದು, ಅವನನ್ನು ಬಲ್ಲ ಆದರೆ ಈ ಸಂಗತಿ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ ಇವನಾರೆಂದು ಕೇಳಿರಿ. ಅವರು ಹೆಸರು ಹೇಳಿದರೆ ಉಳಿದ ಹಣ ಕೊಡಿರಿ. ಹೇಳದಿದ್ದರೆ ಲೆನ್ಸು ಬದಲಿಸಿ ಕೊಡುವಂತೆ ಇಲ್ಲವೆ ಕ್ಯಾಮೆರಾ ಹತ್ತಿರ ಸರಿಸುವಂತೆ ಹೇಳಿ, ಮತ್ತೊಂದು ರಾತ್ರಿ ಅದೇ ಹುಡುಗನನ್ನು ನಡೆಯಿಸಿರಿ.